ನಾಲ್ಕನೇ ಪಂಪಿನ ಗೆರೆ

ಮಾರ್ಚ್ ೩, ಸೋಮವಾರ

ದೊಡ್ಡ ಸಾಹೇಬರು ಇವತ್ತು ಪಂಪ್‌ಹೌಸಿಗೆ ಬಂದು ನನ್ನ ಪೆಟ್ಟಿಗೆಯನ್ನು ನೋಡಿದರು. ನೋಡಿದರು ಎನ್ನುವುದಕ್ಕಿಂತ ಅದರ ಮೇಲೆ ತಮ್ಮ ಟೋಪಿ ಇಟ್ಟರು ಎನ್ನಬೇಕು.

"ಏನಮ್ಮ ಇದು, ರೇಡಿಯೋನಾ?"

"ಅರ್ಧ ರೇಡಿಯೋ ಸಾರ್. ಇನ್ನರ್ಧ ಗ್ರಾಮಫೋನು."

ಸುಳ್ಳಲ್ಲ. ಕೆಟ್ಟುಹೋದ ಗ್ರಾಮಫೋನಿನ ಮುಳ್ಳು, ಸತ್ತ ರೇಡಿಯೋದ ಹೊಟ್ಟೆ, ಹವಾಮಾನ ಕಚೇರಿಯವರು ಎಸೆದ ಮಳೆ ಅಳೆಯುವ ಯಂತ್ರದ ಲೇಖನಿ ಮತ್ತು ಕಾಗದದ ಸುರುಳಿ. ಇಷ್ಟನ್ನೂ ಬಿಸ್ಕತ್ತು ಡಬ್ಬಿಯ ಗಾತ್ರದ ತಗಡಿನ ಪೆಟ್ಟಿಗೆಗೆ ಸೇರಿಸಲು ನನಗೆ ಆರು ವರ್ಷ ಹಿಡಿಯಿತು. ಮುಳ್ಳನ್ನು ಓಡುವ ಪಂಪಿನ ಬೇರಿಂಗಿಗೆ, ಎಂದರೆ ಶಾಫ್ಟನ್ನು ಹೊತ್ತು ತಿರುಗಿಸುವ ಗುಂಡುಗಳ ಬಳೆಗೆ, ತಾಗಿಸಬೇಕು. ಬೇರಿಂಗು ಒಳಗೊಳಗೇ ಸವೆಯುವಾಗ ಹೊರಡುವ ಸಣ್ಣ ಕೀರಲು ದನಿಯೊಂದನ್ನೇ ಪೆಟ್ಟಿಗೆ ಹೆಕ್ಕಿಕೊಂಡು ಲೇಖನಿಗೆ ಕೊಡುತ್ತದೆ. ಬೇರಿಂಗು ಆರೋಗ್ಯವಾಗಿದ್ದರೆ ಗೆರೆ ಮಲಗಿರುತ್ತದೆ, ರೋಗವಿದ್ದರೆ ಎದ್ದು ಕುಣಿಯುತ್ತದೆ.

ಈವರೆಗೆ ಆ ಕೆಲಸ ಮಾಡಿದ್ದು ನನ್ನ ಕಿವಿ. ಕಬ್ಬಿಣದ ಸಲಾಕೆಯ ಒಂದು ತುದಿ ಬೇರಿಂಗಿನ ಮೇಲೆ, ಇನ್ನೊಂದು ಕಿವಿಯ ಬುಡಕ್ಕೆ. ಊರಿಗೆ ನೀರೆತ್ತುವ ಆರು ಪಂಪುಗಳ ನಾಡಿಯನ್ನು ಇಪ್ಪತ್ತೆರಡು ವರ್ಷ ಹೀಗೇ ಹಿಡಿದಿದ್ದೇನೆ. ಒಂದೂ ತಪ್ಪಿಲ್ಲ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಕಿವಿಯಮ್ಮ ಎನ್ನುತ್ತಾರೆ. ಅದೂ ನನಗೆ ಕೇಳುತ್ತದೆ.

ಏಪ್ರಿಲ್ ಇಪ್ಪತ್ತೊಂದಕ್ಕೆ ಪೆಟ್ಟಿಗೆಯನ್ನು ಪರೀಕ್ಷಿಸುವ ಸಮಿತಿ. ಒಪ್ಪಿದರೆ ಆರೂ ಪಂಪಿಗೆ ಪೆಟ್ಟಿಗೆ, ಅದರ ನಕ್ಷೆಯ ಮೇಲೆ ರೂಪಿಸಿದವಳೆಂದು ನನ್ನ ಹೆಸರು. ಒಪ್ಪದಿದ್ದರೆ ಗುಜರಿ ಕೋಣೆ. ಹೊರಡುವಾಗ ಸಾಹೇಬರು, "ಹೆಣ್ಮಕ್ಕಳು ಮನೇಲಿ ಏನಾದ್ರೂ ಜೋಡಿಸ್ತಾನೇ ಇರ್ತಾರೆ ಬಿಡಿ" ಎಂದು ನಕ್ಕರು. "ಹೌದು ಸಾರ್, ನಿಮ್ಮ ನಲ್ಲೀಲಿ ಬರೋ ನೀರನ್ನೂ" ಎಂದೆ. ನನ್ನ ಕೈಕೆಳಗಿನ ಮೇಸ್ತ್ರಿ ಆ ಕಡೆ ತಿರುಗಿ ಕೆಮ್ಮಿದರು.

ಸಾಹೇಬರ ಟೋಪಿ ಸಾಹೇಬರ ತಲೆಗೆ,
ನನ್ನ ಪೆಟ್ಟಿಗೆ ಪಂಪಿನ ಮಗ್ಗುಲ ನೆಲೆಗೆ.

ಮಾರ್ಚ್ ೭, ಶುಕ್ರವಾರ

ಮನೆಯ ಕರೆಗಂಟೆ ಕೆಟ್ಟಿತ್ತು. ಮಗಳು ಕಾಲು ಗಂಟೆ ಹೊರಗೇ ನಿಂತಿದ್ದಳಂತೆ. ಬಿಚ್ಚಿದೆ, ಒರೆಸಿದೆ, ಎರಡು ತಂತಿ ಬದಲಿಸಿದೆ. ದೋಷ ಏನೂ ಕಾಣಲಿಲ್ಲ, ಆದರೂ ಈಗ ಚೆನ್ನಾಗಿ ಹೊಡೆಯುತ್ತಿದೆ ಎಂದು ಅವಳೇ ಒಪ್ಪಿಕೊಂಡಳು.

ಅವಳಿಗೆ ಹದಿನಾರು. ಹದಿನಾರಕ್ಕೆ ಹಲ್ಲಿನ ಸಂದಿಯಲ್ಲೇ ಮಾತಾಡಬೇಕೆಂದು ಕಾನೂನಿದೆಯೋ ಏನೋ. ಇವರೂ ಇತ್ತೀಚೆಗೆ ಪತ್ರಿಕೆಯ ಹಿಂದಿನಿಂದ ಗೊಣಗುತ್ತಾರೆ. ದಿನವಿಡೀ ಶಾಲೆಯಲ್ಲಿ ಭೂಗೋಳ ಕೂಗಿ ಮನೆಗೆ ಬರುವಷ್ಟರಲ್ಲಿ ಗಂಟಲು ಖಾಲಿ. ಈ ಮನೆಯಲ್ಲಿ ಸ್ಪಷ್ಟವಾಗಿ ಮಾತಾಡುವವರು ಅತ್ತೆ ಒಬ್ಬರೇ. ಅವರಿಗೆ ಕಿವಿ ಕೇಳದೆ ಹತ್ತು ವರ್ಷವಾಯಿತು, ಹಾಗಾಗಿ ಕೂಗಿಯೇ ಮಾತು. ಇಪ್ಪತ್ತು ವರ್ಷ ಅವರೊಂದಿಗೆ ಮುಖ ಗಂಟಿಕ್ಕಿಕೊಂಡು ಬಾಳಿದವಳು ಈಗ ದಿನಾ ಸಂಜೆ ಅವರ ಪಕ್ಕವೇ ಕೂತು ಚಹಾ ಕುಡಿಯುತ್ತೇನೆ. ಕಾಲ ಕೆಟ್ಟಿತೋ ಸುಧಾರಿಸಿತೋ.

ಮಾರ್ಚ್ ೧೩, ಗುರುವಾರ

ನಾಲ್ಕನೇ ಪಂಪಿಗೆ ಮುಳ್ಳು ತಾಗಿಸಿದ್ದೇ ತಡ, ಗೆರೆ ಎದ್ದು ಕಾಗದದ ಅಂಚಿನವರೆಗೂ ಹಾರಿತು. ಸಲಾಕೆ ತಂದು ಕಿವಿಗೊಟ್ಟೆ. ಬೇರಿಂಗು ಬೆಣ್ಣೆಯ ಹಾಗೆ ಓಡುತ್ತಿದೆ. ಹೊಸದರಲ್ಲೂ ಅದು ಇಷ್ಟು ನುಣುಪಾಗಿ ಓಡಿದ್ದು ನೆನಪಿಲ್ಲ.

ಮೇಸ್ತ್ರಿ ಪಕ್ಕದಲ್ಲಿ ನಿಂತು ಏನೋ ಹೇಳಿದರು. ಆರು ಪಂಪಿನ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಅರ್ಧಂಬರ್ಧವೇ. "ಸರಿ ಸರಿ, ನೋಡೋಣ" ಎಂದೆ. ಅವರು ನನ್ನನ್ನು ಒಂದು ಥರ ನೋಡಿ, ಗ್ರೀಸ್ ಡಬ್ಬಿ ಎತ್ತಿಕೊಂಡು ಹೋದರು.

ಪೆಟ್ಟಿಗೆಯಲ್ಲಿ ಎಲ್ಲೋ ತೊಂದರೆ. ಸಮಿತಿಗೆ ಇನ್ನು ಐದೂವರೆ ವಾರ.

ಮಾರ್ಚ್ ೧೪, ಶುಕ್ರವಾರ

ಪೆಟ್ಟಿಗೆ ಬಿಚ್ಚಿದೆ. ಎರಡು ಬೆಸುಗೆ ಹೊಸದಾಗಿ ಹಾಕಿದೆ. ಗೆರೆ ಹಾಗೇ.

ಮಾರ್ಚ್ ೧೯, ಬುಧವಾರ

ಮುಳ್ಳನ್ನೂ ಬದಲಿಸಿದೆ. ಗೆರೆ ಇನ್ನೂ ಎತ್ತರ. ಮಿಕ್ಕ ಐದು ಪಂಪಿಗೆ ತಾಗಿಸಿದರೆ ಸುಮ್ಮನೆ ಮಲಗುತ್ತದೆ, ನಾಲ್ಕಕ್ಕೆ ಮಾತ್ರ ಹಟ. ನಾಲ್ಕರ ಪಾಯ ಸ್ವಲ್ಪ ಸಡಿಲವಿದೆ. ಆ ನಡುಕವನ್ನೇ ರೋಗ ಎಂದು ತಿಳಿದುಕೊಂಡಿದೆ ಈ ಪೆದ್ದು. "ಆರು ವರ್ಷ ಸಾಕಿದ್ದು ನಾಲ್ಕು ಜನರ ಮುಂದೆ ನನ್ನ ಮಾನ ಕಳೆಯೋಕಾ" ಎಂದು ಗಟ್ಟಿಯಾಗಿಯೇ ಬೈದೆ. ಮೇಸ್ತ್ರಿ ಮತ್ತೆ ಬಂದು ಏನೋ ಹೇಳಿದರು. ತಲೆ ಅಲ್ಲಾಡಿಸಿದೆ. ಇವರದ್ದೊಂದು, ಎಲ್ಲದಕ್ಕೂ ಅನುಮಾನ.

ಮಾರ್ಚ್ ೨೬, ಬುಧವಾರ

ಅಂತೂ ಸರಿಯಾಯಿತು. ಪೆಟ್ಟಿಗೆ ಎಷ್ಟು ಸಣ್ಣ ದನಿಯನ್ನು ಹಿಡಿಯಬೇಕೆಂದು ಹೇಳುವ ಗುಂಡಿ ಏಳರಲ್ಲಿತ್ತು. ಸಲಾಕೆಯನ್ನು ಕಿವಿಗೆ ಹಿಡಿದು, ಇನ್ನೊಂದು ಕೈಯಿಂದ ಗುಂಡಿಯನ್ನು ಮೆಲ್ಲಗೆ ಇಳಿಸುತ್ತ ಬಂದೆ. ಆರು, ಐದು, ನಾಲ್ಕು. ಮೂರಕ್ಕೆ ಬಂದಾಗ ಗೆರೆ ಮಲಗಿತು. ಕಿವಿ ಹೇಳಿದ್ದನ್ನೇ ಪೆಟ್ಟಿಗೆಯೂ ಹೇಳಿತು. ಮೂರರ ಎದುರು ಕೆಂಪು ಬಣ್ಣದ ಚುಕ್ಕಿ ಇಟ್ಟು, ದಿನಾಂಕ ಬರೆದು, ಸಹಿ ಹಾಕಿದೆ. ಇನ್ನು ಅದನ್ನು ಯಾರೂ ಮುಟ್ಟುವಂತಿಲ್ಲ.

ಏಳರಲ್ಲಿ ಎಗರಾಟ, ಮೂರರಲ್ಲಿ ಮೌನ,
ಸಮಿತಿಯ ಮುಂದೆ ಇನ್ನು ನಮಗೇ ಸಮ್ಮಾನ.

ಏಪ್ರಿಲ್ ೨, ಬುಧವಾರ

ಅಲಾರಂ ಗಡಿಯಾರ ಹೊಡೆಯುವುದನ್ನು ನಿಲ್ಲಿಸಿದೆ. ಮೂರು ದಿನ ತಡವಾಗಿ ಎದ್ದೆ. ಬಿಚ್ಚಿದರೆ ಒಳಗೆ ಎಲ್ಲ ಸರಿ. ಇತ್ತೀಚೆಗೆ ನಾನು ರಿಪೇರಿ ಮಾಡಿದ ಯಾವ ವಸ್ತುವಿನಲ್ಲೂ ದೋಷವೇ ಸಿಗುತ್ತಿಲ್ಲ. ಅಷ್ಟರಮಟ್ಟಿಗೆ ಕೈ ಪಳಗಿದೆ.

ರೇಡಿಯೋ ಜೋರಾಯಿತೆಂದು ಇವರು ಎರಡು ಸಲ ಎದ್ದು ಸಣ್ಣ ಮಾಡಿದರು. ನಾನು ಎರಡು ಸಲ ಎದ್ದು ದೊಡ್ಡ ಮಾಡಿದೆ. ಮೂರನೇ ಸಲ ಪತ್ರಿಕೆ ಎತ್ತಿಕೊಂಡು ಮಹಡಿಗೆ ಹೋದರು. ಗೆದ್ದೆ.

ಏಪ್ರಿಲ್ ೯, ಬುಧವಾರ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನಾಲ್ಕನೇ ಪಂಪಿನ ಬೇರಿಂಗು ಕಚ್ಚಿಕೊಂಡಿತು. ಶಾಫ್ಟು ತುಂಡಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಅರ್ಧ ಊರಿಗೆ ನೀರಿಲ್ಲ.

ಗೆರೆ ಕೊನೆಯ ನಿಮಿಷದವರೆಗೂ ಮಲಗಿಯೇ ಇತ್ತು.

ಏಪ್ರಿಲ್ ೧೦, ಗುರುವಾರ

ಬಿಚ್ಚಿದ ಬೇರಿಂಗನ್ನು ಸಾಮಾನು ಕೋಣೆಯ ಮೇಜಿನ ಮೇಲೆ ಇಟ್ಟಿದ್ದರು. ಗುಂಡುಗಳ ಮೈತುಂಬ ಸಿಡುಬಿನಂಥ ಗುಳಿ. ಇದು ಒಂದು ದಿನದ ರೋಗವಲ್ಲ. ಮೇಸ್ತ್ರಿ ಒಬ್ಬರೇ ಇದ್ದರು. ಬಾಗಿಲು ಹಾಕಿದೆ. ಆ ಕೋಣೆಗೆ ಪಂಪಿನ ಸದ್ದು ಬರುವುದಿಲ್ಲ.

"ಇದು ತಿಂಗಳಿಂದ ಕೂಗಿರಬೇಕು ಮೇಸ್ತ್ರಿ. ನಂಗ್ಯಾಕೆ ಕೇಳಲಿಲ್ಲ?"

ಅವರು ಕೈ ಒರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಕೂಗ್ತಾನೇ ಇತ್ತಮ್ಮ."

"ನಿಮಗೆ ಕೇಳಿತ್ತಾ?"

"ಮೊದಲನೇ ದಿನವೇ ಹೇಳಿದ್ನಲ್ಲ, ನಾಲ್ಕು ಕೀರ್ತಿದೆ ಅಂತ. ನೀವು ಸರಿ ಸರಿ ಅಂದ್ರಿ."

"ಇನ್ನೊಂದು ಸಲ ಹೇಳಬಾರ್ದಿತ್ತಾ?"

"ಹೇಳ್ದೆ. ತಲೆ ಅಲ್ಲಾಡಿಸಿದ್ರಿ. ಆಮೇಲೆ ಪೆಟ್ಟಿಗೆ ಮೇಲೆ ಚುಕ್ಕಿ ಇಟ್ಟು ಸಹಿ ಹಾಕಿದ್ರಿ." ಬಟ್ಟೆಯನ್ನು ಮೇಜಿನ ಮೇಲಿಟ್ಟು, "ಬೈಯಲ್ಲ ಅಂದ್ರೆ ಇನ್ನೊಂದು ಹೇಳ್ತೀನಿ" ಎಂದರು.

"ಹೇಳಿ."

"ಒಂದು ವರ್ಷದಿಂದ ನೀವು ಸಲಾಕೆ ಇಟ್ಟು ಹೋದ ಕಡೆಯೆಲ್ಲ ನಾನೂ ಒಂದ್ಸಲ ಇಟ್ಟು ನೋಡ್ತೀನಿ. ಸಣ್ಣಪುಟ್ಟದ್ದಕ್ಕೆ ನಾನೇ ಗ್ರೀಸ್ ಹಾಕಿ ಸುಧಾರಿಸ್ತಿದ್ದೆ. ಬೇರಿಂಗ್ ಬದಲಾಯ್ಸೋಕೆ ಮಾತ್ರ ನಿಮ್ಮ ಸಹಿ ಬೇಕಲ್ಲಮ್ಮ."

ಬೈಯಲಿಲ್ಲ.

ಒಂದೂ ತಪ್ಪಿಲ್ಲ ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಆ ಹಾಳೆ ಹರಿಯುವುದಿಲ್ಲ. ಇರಲಿ, ನೋಡುತ್ತಿರುತ್ತೇನೆ.

ಏಪ್ರಿಲ್ ೧೧, ಶುಕ್ರವಾರ

ಅಲಾರಂ ಗಡಿಯಾರಕ್ಕೆ ಏನೂ ಆಗಿಲ್ಲ.

ಏಪ್ರಿಲ್ ೧೩, ಭಾನುವಾರ

ಬೀದಿ ನಲ್ಲಿಯ ಸಾಲಿನಲ್ಲಿ ನಿಂತು ಬಂದ ಮಗಳು ಬಕೆಟ್ ಕುಕ್ಕಿ, ಏನೋ ಹೇಳಿ ಒಳಗೆ ಹೋದಳು. ನಾನು ಹೂಂ ಎಂದೆ. ಅತ್ತೆ ನೋಡುತ್ತಿದ್ದರು.

"ಏನಂದ್ಲು ಅವಳು?" ಎಂದು ಮೂರು ಮನೆಗೆ ಕೇಳುವಂತೆ ಕೇಳಿದರು.

"ಏನೋ ಅಂದ್ಲು ಅತ್ತೆ" ಎಂದು ನಾನೂ ಕೂಗಿದೆ.

"ನಿಂಗೂ ಬಂತಾ?"

"ಏನು ಬಂತು?"

"ಹೂಂಗುಟ್ಟೋ ಕಾಯಿಲೆ. ನನ್ನ ಮುಂದೆ ಆಟ ಕಟ್ಟಬೇಡ ಕಣೇ. ಮೊದಲ ಎರಡು ವರ್ಷ ನಾನೂ ಯಾರಿಗೂ ಹೇಳಿರಲಿಲ್ಲ. ಎದುರಿನವರ ಮುಖ ನೋಡೋದು, ಅವರು ನಕ್ಕರೆ ನಗೋದು, ಅತ್ತರೆ ಅಯ್ಯೋ ಅನ್ನೋದು. ನಿಮ್ಮ ಮಾವನ ಅಣ್ಣ ಹೋಗ್ಬಿಟ್ರು ಅಂತ ಹೇಳೋಕೆ ಬಂದವನ ಮುಂದೆ ಹಲ್ಲು ಬಿಟ್ಟು ನಕ್ಬಿಟ್ಟೆ. ಪಾಪ, ಅವನ ಹಲ್ಲು ಮುಂದೆ ಬಂದಿದ್ವು. ಅಳ್ತಿದ್ದಾನೋ ನಗ್ತಿದ್ದಾನೋ ಹೇಗೆ ಗೊತ್ತಾಗ್ಬೇಕು?"

ನಾಲ್ಕು ದಿನದಲ್ಲಿ ಮೊದಲ ಸಲ ನಗು ಬಂತು. ಅವರು ನಗಲಿಲ್ಲ.

"ಹೇಳ್ಬಿಡು."

"ಹೇಳಿದ್ರೆ ಪಂಪ್‌ಹೌಸಿಂದ ಆಚೆ ಹಾಕ್ತಾರೆ ಅತ್ತೆ."

"ಹೇಳ್ದೇ ಇದ್ರೆ ಏನಾಗತ್ತೆ ಅನ್ನೋದು ಅಗೋ, ಆ ಬಕೆಟ್ ನೋಡು."

ಮಗಳನ್ನು ಕರೆದು, ಎದುರಿಗೆ ಕೂತು ಇನ್ನೊಮ್ಮೆ ಹೇಳು ಎಂದೆ. ಕೂತಳು. ಅವಳ ಎಡಗಣ್ಣಿನ ಕೆಳಗೆ ಒಂದು ಮಚ್ಚೆಯಿದೆ, ಬಹಳ ದಿನದಿಂದ ನೋಡಿರಲಿಲ್ಲ.

"ಸಾಲಲ್ಲಿದ್ದವರೆಲ್ಲ ನಿನ್ನ ಬೈತಿದ್ರು ಅಮ್ಮ. ನಾನು ಅವರ ಹತ್ರ ಜಗಳ ಆಡಿ ಬಂದೆ ಅಂದೆ."

ಅದಕ್ಕೆ ನಾನು ಹೂಂ ಎಂದಿದ್ದೆ.

ಏಪ್ರಿಲ್ ೧೬, ಬುಧವಾರ

ಸಾಹೇಬರು ಕರೆಸಿ, ಕುರ್ಚಿ ತೋರಿಸಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಕುರ್ಚಿ. ಸುದ್ದಿ ಕೆಟ್ಟದ್ದೆಂದು ಅದರಿಂದಲೇ ತಿಳಿಯಿತು.

"ನೋಡಮ್ಮ, ಸುಲಭದ ವಿಷಯ. ಪೆಟ್ಟಿಗೆ ಕೈಕೊಟ್ಟಿತು ಅಂತ ಎರಡು ಸಾಲು ಬರ್ಕೊಡಿ. ಹೊಸ ಯಂತ್ರ, ಮೊದಲ ಪ್ರಯತ್ನ, ಯಾರೂ ತಪ್ಪು ಹಿಡಿಯಲ್ಲ. ನಿಮ್ಮ ಜಾಗ ನಿಮಗೇ ಇರತ್ತೆ."

"ಪೆಟ್ಟಿಗೆ?"

"ಗುಜರಿಗೆ. ಇನ್ನೇನು ಮಾಡೋದು?"

ಅವರು ನನ್ನ ಒಳ್ಳೆಯದನ್ನೇ ಬಯಸಿ ಹೇಳಿದರು. ಕಷ್ಟ ಅದೇ. ಅವರು ಕೂಗಾಡಿದ್ದರೆ ನಾನೂ ಕೂಗಾಡಿ ಎದ್ದು ಬರಬಹುದಿತ್ತು. ಮೇಸ್ತ್ರಿ ಬಾಯಿ ಬಿಡುವವರಲ್ಲ. ಅತ್ತೆ ಎಷ್ಟು ಕೂಗಿದರೂ ಇಲ್ಲಿಗೆ ಕೇಳುವುದಿಲ್ಲ.

ಪಂಪ್‌ಹೌಸಿನ ನಿಯಮದ ಪುಸ್ತಕದಲ್ಲಿ ಹನ್ನೊಂದನೇ ಕಲಮು: ಕಣ್ಣು ಕಿವಿ ಸರಿಯಿಲ್ಲದವರು ಓಡುವ ಯಂತ್ರದ ಹತ್ತಿರ ಕೆಲಸ ಮಾಡಕೂಡದು. ಪೆಟ್ಟಿಗೆ ಕೆಟ್ಟಿದೆ ಎಂದರೆ ನಾನು ಉಳಿಯುತ್ತೇನೆ. ಕಿವಿ ಕೆಟ್ಟಿದೆ ಎಂದರೆ ಪೆಟ್ಟಿಗೆ ಉಳಿದರೂ ಉಳಿಯಬಹುದು.

ಪ್ರಾಸ ಹುಡುಕಿದೆ. ಸಿಗಲಿಲ್ಲ.

ಏಪ್ರಿಲ್ ೨೧, ಸೋಮವಾರ

ಐದು ಜನ, ಒಂದು ಉದ್ದನೆಯ ಮೇಜು, ಅದರ ಮೇಲೆ ನನ್ನ ಪೆಟ್ಟಿಗೆ. ಕೂರುವ ಮೊದಲೇ ಹೇಳಿದೆ: "ದಯವಿಟ್ಟು ಒಬ್ಬೊಬ್ಬರೇ, ನನ್ನ ಕಡೆ ಮುಖ ಮಾಡಿ ಮಾತಾಡಿ. ನನಗೆ ಸಣ್ಣ ದನಿ ಕೇಳಲ್ಲ."

ಸಾಹೇಬರು ಬರೆಯುತ್ತಿದ್ದವರು ನಿಲ್ಲಿಸಿದರು.

ಮಾರ್ಚ್ ತಿಂಗಳ ಸುರುಳಿಯನ್ನು ಮೇಜಿನ ಉದ್ದಕ್ಕೂ ಬಿಚ್ಚಿದೆ. "ಹದಿಮೂರನೇ ತಾರೀಕೇ ಪೆಟ್ಟಿಗೆ ಕೂಗಿದೆ. ಹದಿನಾಲ್ಕು, ಕೂಗಿದೆ. ಹತ್ತೊಂಬತ್ತು, ಇನ್ನೂ ಜೋರಾಗಿ ಕೂಗಿದೆ. ಇಪ್ಪತ್ತಾರಕ್ಕೆ ಸುಮ್ಮನಾಗಿದೆ. ಯಾಕೆ ಅಂದ್ರೆ ನಾನು ಅದರ ಬಾಯಿ ಮುಚ್ಚಿಸಿದೆ. ಇದು ಕೆಂಪು ಚುಕ್ಕಿ. ಇದು ನನ್ನ ಸಹಿ."

ದಪ್ಪ ಕನ್ನಡಕದವರೊಬ್ಬರು ಮುಂದೆ ಬಾಗಿದರು. "ಅಂದ್ರೆ ಪಂಪು ಹೋಗಿದ್ದು ನಿಮ್ಮಿಂದ ಅಂತೀರಾ?"

"ಹ್ಞಾಂ. ಪೆಟ್ಟಿಗೆಯಿಂದಲ್ಲ."

"ಅದನ್ನ ಉಳಿಸ್ಕೊಳ್ಳೋಕೆ ಕತೆ ಕಟ್ತಿಲ್ಲ ಅಂತ ಹೇಗೆ ನಂಬೋದು?"

ಅದಕ್ಕೂ ತಯಾರಾಗಿ ಹೋಗಿದ್ದೆ. ಪಕ್ಕದ ಕೋಣೆಯಲ್ಲಿ ಮೇಸ್ತ್ರಿ ಎರಡು ಸಣ್ಣ ಮೋಟಾರುಗಳನ್ನು ಬಟ್ಟೆ ಮುಚ್ಚಿ ಇಟ್ಟಿದ್ದರು. ಒಂದಕ್ಕೆ ಹೊಸ ಬೇರಿಂಗು, ಇನ್ನೊಂದಕ್ಕೆ ಸವೆದದ್ದು. ಯಾವುದನ್ನು ಓಡಿಸಬೇಕೆಂಬುದು ಕನ್ನಡಕದವರ ಇಷ್ಟ. ಆರು ಸಲ ಓಡಿಸಿದರು. ಪ್ರತಿ ಸಲವೂ ಮೊದಲು ನನ್ನ ಸಲಾಕೆ, ಆಮೇಲೆ ಪೆಟ್ಟಿಗೆ, ಗುಂಡಿ ಏಳರಲ್ಲಿ.

ಪೆಟ್ಟಿಗೆ ಆರಕ್ಕೆ ಆರೂ ಸರಿಯಾಗಿ ಹೇಳಿತು. ನಾನು ಆರಕ್ಕೆ ಆರೂ "ಬೇರಿಂಗ್ ಚೆನ್ನಾಗಿದೆ" ಎಂದೆ. ನಾಟಕವಲ್ಲ. ನನಗೆ ಈಗ ಲೋಕದಲ್ಲಿರುವ ಎಲ್ಲ ಬೇರಿಂಗೂ ಚೆನ್ನಾಗಿದೆ. ಐದನೇ ಸಲ ಸವೆದದ್ದು ಓಡುವಾಗ ಬಾಗಿಲಲ್ಲಿ ನಿಂತ ಜವಾನನೂ ಮುಖ ಹಿಂಡಿಕೊಂಡ. ನಾನು ಅವನ ಮುಖ ನೋಡಿಕೊಂಡೇ "ಚೆನ್ನಾಗಿದೆ" ಎಂದೆ.

ತಿರುಗಿ ಬಂದು ಕೂತ ಮೇಲೆ ಯಾರೂ ಮಾತಾಡಲಿಲ್ಲ, ಅಥವಾ ನನಗೆ ಹಾಗನಿಸಿತು. ನಾನೇ ಹೇಳಿದೆ: "ಇದು ಆರು ವರ್ಷದ ಹಿಂದಿನ ನನ್ನ ಕಿವಿ. ಆಗ ಚೆನ್ನಾಗಿತ್ತು, ಡಬ್ಬಿಗೆ ಹಾಕಿಟ್ಟೆ. ನನ್ನ ಹತ್ರ ಉಳಿದದ್ದು ಹಾಳಾಯ್ತು, ಡಬ್ಬಿಯಲ್ಲಿರೋದು ಹಾಗೇ ಇದೆ."

ಸಾಹೇಬರು ನನ್ನ ಕಡೆಗೇ ಮುಖ ಮಾಡಿ, ಒಂದೊಂದೇ ಮಾತು ಬಿಡಿಸಿ ಕೇಳಿದರು. "ಹನ್ನೊಂದನೇ ಕಲಮು ಗೊತ್ತಿದೆಯಲ್ಲಮ್ಮ?"

"ಬಾಯಿಪಾಠ ಸಾರ್. ಯಂತ್ರದ ಹತ್ರ ಕೆಲಸ ಮಾಡೋಕೆ ಕಿವಿ ಬೇಕು ಅನ್ನತ್ತೆ. ಆ ಕಿವಿ ಮೇಜಿನ ಮೇಲಿದೆ."

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಮೇಸ್ತ್ರಿ ನೀರು ತಂದುಕೊಟ್ಟರು. "ಕುಡೀರಿ, ಮೂರನೇ ಪಂಪಿನ ನೀರು" ಎಂದರು. ಅವರು ಜೋಕು ಮಾಡಿದ್ದನ್ನು ಇವತ್ತೇ ನೋಡಿದ್ದು. ಮೊದಲೂ ಮಾಡುತ್ತಿದ್ದರೋ ಏನೋ.

ಏಪ್ರಿಲ್ ೨೯, ಮಂಗಳವಾರ

ಒಂದೇ ಲಕೋಟೆಯಲ್ಲಿ ಎರಡು ಆಜ್ಞೆ.

ಒಂದು: ಪೆಟ್ಟಿಗೆಯನ್ನು ಮೂರು ತಿಂಗಳು ಎರಡನೇ ಪಂಪಿನಲ್ಲಿ ಇಟ್ಟು ನೋಡುವುದು. ಉಸ್ತುವಾರಿ ಮೇಸ್ತ್ರಿಯದು. ಸಾಹೇಬರ ಲಿಖಿತ ಅಪ್ಪಣೆಯಿಲ್ಲದೆ ಅದರ ಗೆರೆ ನಂಬಿ ಪಂಪು ನಿಲ್ಲಿಸಕೂಡದು. ನಕ್ಷೆಯ ಮೇಲೆ ಹೆಸರು: "ಪಂಪ್‌ಹೌಸ್ ಸಿಬ್ಬಂದಿ".

ಎರಡು: ನಾನು ನಾಳೆಯಿಂದ ಕಡತದ ಕೋಣೆಗೆ.

ಕೆಳಗೆ "ಸ್ವೀಕರಿಸಿ ಸಮ್ಮತಿಸಿದ್ದೇನೆ" ಎಂದು ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ, "ಓದಿದ್ದೇನೆ. ಸಮ್ಮತಿಯಿಲ್ಲ" ಎಂದು ಬರೆದು ಸಹಿ ಮಾಡಿದೆ.

"ಹೀಗೆಲ್ಲ ಬರೆಯೋ ಹಾಗಿಲ್ಲ ಮೇಡಂ" ಎಂದರು ಗುಮಾಸ್ತರು.

"ಬರೆದಾಯ್ತಲ್ಲ."

ಇವರು ಸಂಜೆ ಪತ್ರಿಕೆ ಪಕ್ಕಕ್ಕಿಟ್ಟು, ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ಕಡತದ ಕೋಣೇಲಿ ಏನ್ಮಾಡ್ತೀಯಾ?" ಎಂದು ಕೇಳಿದರು.

"ಮೇಜು ದೊಡ್ಡದಿದೆಯಂತೆ. ಎರಡನೇ ಪೆಟ್ಟಿಗೆ."

"ಗ್ರಾಮಫೋನು?"

"ನಮ್ಮದೇ ಇದೆಯಲ್ಲ."

ಮೂಲೆಯಲ್ಲಿದ್ದ ಗ್ರಾಮಫೋನಿನ ಕಡೆ ನೋಡಿದರು. "ನನಗೆ ಅದರಲ್ಲಿ ಹಾಡು ಕೇಳೋದಿತ್ತು" ಎಂದರು. ಆಮೇಲೆ ತಾವೇ ಸ್ಕ್ರೂಡ್ರೈವರ್ ತಂದುಕೊಟ್ಟರು.

ಕಡತಕ್ಕೆ ಧೂಳು, ಧೂಳಿಗೆ ನಾನು,
ಎರಡನೇ ಪೆಟ್ಟಿಗೆಗೆ ತಗಡು ತಂದೇನು.

ಮೇ ೧೪, ಬುಧವಾರ

ಮಧ್ಯಾಹ್ನ ಮೇಸ್ತ್ರಿ ಕಡತದ ಕೋಣೆಗೆ ಓಡುತ್ತಾ ಬಂದರು. ಫೋನಿನಲ್ಲಿ ನನಗೆ ಕೇಳುವುದಿಲ್ಲವೆಂದು ತಾವೇ ಇಡೀ ಆವರಣ ದಾಟಿದ್ದಾರೆ. ಕೈಯಲ್ಲಿ ಒಂದು ಮೊಳ ಕಾಗದ. ಗೆರೆ ಎದ್ದಿತ್ತು. ಹುಚ್ಚು ಕುಣಿತವಲ್ಲ, ನಿಯಮಿತವಾಗಿ, ಪಂಪು ಒಂದು ಸುತ್ತು ತಿರುಗಿದರೆ ಕಾಗದದ ಮೇಲೆ ಒಂದು ಮೊನೆ.

ಎದುರಿಗೆ ಕೂರಿಸಿದೆ. ಉಸಿರು ಹಿಡಿಯಲು ಬಿಟ್ಟೆ.

"ಎರಡನೇ ಪಂಪಮ್ಮ. ಹತ್ತು ಸಲ ಸಲಾಕೆ ಇಟ್ಟೆ. ನನ್ನ ಕಿವಿಗೆ ಏನೂ ಕೇಳ್ತಿಲ್ಲ."

"ನನಗೂ ಕೇಳ್ತಿಲ್ಲ. ನಿಲ್ಲಿಸಿ."

"ಅಪ್ಪಣೆ ಬೇಕಲ್ಲ. ಸಾಹೇಬರು ನಾಳೆ ಬರೋದು."

"ಇದು ನಾಳೆವರೆಗೆ ಕಾಯತ್ತಾ?"

ಅವರು ಕಾಗದ ನೋಡಿದರು. "ಬಿಚ್ಚಿದಾಗ ಒಳಗೆ ಏನೂ ಇಲ್ದಿದ್ರೆ?"

"ಇಲ್ದಿದ್ರೆ ಪೆಟ್ಟಿಗೇನೂ ಗುಜರಿಗೆ, ನಾನೂ ಗುಜರಿಗೆ. ನಡೀರಿ."

ಪಂಪ್‌ಹೌಸಿನ ಬಾಗಿಲಲ್ಲಿ ನನಗೆ ಪ್ರವೇಶವಿಲ್ಲ ಎಂದು ಹೊಸ ಹಲಗೆ ತೂಗುಬಿಟ್ಟಿದ್ದರು. ಹೆಸರಿರಲಿಲ್ಲ, "ಅನಧಿಕೃತ ವ್ಯಕ್ತಿಗಳಿಗೆ" ಎಂದಿತ್ತು. ಒಳಗೆ ಹೋಗಿ ಸ್ವಿಚ್ಚು ನಾನೇ ಇಳಿಸಿದೆ. ಪಂಪ್‌ಹೌಸಿನ ದಾಖಲೆ ಪುಸ್ತಕದಲ್ಲಿ ಮೇಸ್ತ್ರಿಯ ಹೆಸರು ಬರಕೂಡದು. ಪಂಪು ನಿಲ್ಲುವುದು ನನಗೆ ಪಾದದಲ್ಲಿ ತಿಳಿಯಿತು.

ಮೇ ೧೫, ಗುರುವಾರ

ಬಿಚ್ಚಿದರು. ಗುಂಡುಗಳು ಹೊಸದರಂತೆ ಹೊಳೆಯುತ್ತಿದ್ದವು. ಇನ್ನು ಗುಜರಿಯೇ ಎಂದುಕೊಂಡೆ. ಮೇಸ್ತ್ರಿ ಹೊರಗಿನ ಬಳೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದರು. ತಿರುಗಿಸುತ್ತಿದ್ದ ಕೈ ನಿಂತಿತು. ಕೂದಲಿನಷ್ಟು ತೆಳು, ಉಗುರಿನಷ್ಟು ಉದ್ದದ ಬಿರುಕು. ಬಳೆಯನ್ನು ನನ್ನ ಅಂಗೈ ಮೇಲಿಟ್ಟರು.

ಸಾಹೇಬರು ಊರಿಂದ ಬಂದವರೇ ಬಿರುಕನ್ನು ಭೂತಕನ್ನಡಿಯಲ್ಲಿ ನೋಡಿದರು. ಎರಡು ಸಲ ನೋಡಿದರು. ಆಮೇಲೂ ಜ್ಞಾಪನಪತ್ರ ಬಂತು, ನಿಯಮ ನಿಯಮವೇ ತಾನೆ. "ಯಾರ ಅಪ್ಪಣೆಯ ಮೇಲೆ ಎರಡನೇ ಪಂಪನ್ನು ನಿಲ್ಲಿಸಲಾಯಿತು? ವಿವರಣೆ ಕೊಡುವುದು."

ಉತ್ತರಕ್ಕೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದರು. ಸುರುಳಿಯಿಂದ ಆ ಗೆರೆಯಿದ್ದ ತುಂಡನ್ನು ಕತ್ತರಿಸಿ ಅಲ್ಲಿ ಅಂಟಿಸಿದೆ. ಕೆಳಗೆ ಬರೆದೆ:

"ಇದರ ಅಪ್ಪಣೆ. ಇದನ್ನು ಬರೆದ ಪೆಟ್ಟಿಗೆಯನ್ನು ಮಾಡಿದವಳು ನಾನು."

ಸಹಿಯನ್ನು ಸ್ವಲ್ಪ ದೊಡ್ಡದಾಗಿಯೇ ಹಾಕಿದೆ.